ಮಾದರಿ ದೋಣಿಗೆ ಎಪಾಕ್ಸಿ: ಹಿಡಿದಿಡುವ ಪುಡಿ, ಉಜ್ಜಿಸಿಕೊಳ್ಳುವ ಪುಡಿ

ಬಾಲ್ಸಾ ಎಂಬ ಹಗುರ ಮರದ ಪಟ್ಟಿಗಳ ಸಂದಿಗೆ ಪುಡಿ ಬೆರೆಸಿ ಮಂದಗೊಳಿಸಿದ ಎಪಾಕ್ಸಿ ಅಂಟು ತುಂಬಿ, ಮರುದಿನ ಸ್ಯಾಂಡ್‌ಪೇಪರ್ ಹಿಡಿದು ಉಜ್ಜಲು ಕುಳಿತರೆ ಕೆಲವೊಮ್ಮೆ ವಿಚಿತ್ರವೊಂದು ಕಾಣುತ್ತದೆ. ಎಪಾಕ್ಸಿ ಇದ್ದಲ್ಲೇ ಇರುತ್ತದೆ, ಅದರ ಎರಡೂ ಬದಿಯ ಮರ ಮಾತ್ರ ಸವೆಯುತ್ತಾ ಹೋಗುತ್ತದೆ. ನುಣುಪಾಗಬೇಕಿದ್ದ ಹೊರಮೈಯಲ್ಲಿ ಸಂದಿಯುದ್ದಕ್ಕೂ ಏಣು ಎದ್ದು ನಿಲ್ಲುತ್ತದೆ. ಇದು ಎಪಾಕ್ಸಿಯ ದೋಷವಲ್ಲ, ಅದಕ್ಕೆ ಬೆರೆಸಿದ ಪುಡಿಯ ಆಯ್ಕೆಯಲ್ಲಿ ಆದ ತಪ್ಪು. ಆದ್ದರಿಂದ ಡಬ್ಬಿ ತೆರೆಯುವ ಮೊದಲೇ ಒಂದು ವಿಷಯವನ್ನು ನಿರ್ಧರಿಸಿಕೊಳ್ಳಬೇಕು: ಈ ಜಾಗದಲ್ಲಿ ಎಪಾಕ್ಸಿ ಭಾಗಗಳನ್ನು ಹಿಡಿದಿಡಬೇಕೋ, ಇಲ್ಲವೇ ಉಜ್ಜಿದಾಗ ಮರದ ಜೊತೆಗೇ ಸವೆಯಬೇಕೋ?

ಮೊದಲು ಎಪಾಕ್ಸಿಯ ಆಯ್ಕೆ

ಎಪಾಕ್ಸಿ ಬಣ್ಣದಂತೆ ಒಣಗುವ ವಸ್ತುವಲ್ಲ. ರೆಸಿನ್ ಮತ್ತು ಹಾರ್ಡ್‌ನರ್ ಎಂಬ ಎರಡು ದ್ರವಗಳು ಪರಸ್ಪರ ವರ್ತಿಸಿ ಗಟ್ಟಿಯಾಗುತ್ತವೆ. ಹಾಗಾಗಿ ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾದೀತು ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಹೆಚ್ಚಾದ ಭಾಗ ವರ್ತಿಸದೆ ಉಳಿದು, ಜೋಡಣೆ ಮೆತ್ತಗೆ ಅಥವಾ ಅಂಟಂಟಾಗಿಯೇ ಇರುತ್ತದೆ.

ಐದು ನಿಮಿಷದಲ್ಲಿ ಬಿಗಿಯುವ ಎಪಾಕ್ಸಿ ಭಾಗಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಅನುಕೂಲ. ಆದರೆ ನೀರನ್ನು ತಡೆಯುವ ಶಕ್ತಿ ಅದಕ್ಕೆ ಕಡಿಮೆ. ನೀರಿನ ಮಟ್ಟದ ಕೆಳಗಿನ ಜೋಡಣೆಗಳಿಗೆ 30 ನಿಮಿಷ ಅಥವಾ ಅದಕ್ಕಿಂತ ನಿಧಾನವಾದ ಎಪಾಕ್ಸಿಯೇ ಸರಿ. ದೋಣಿಯ ಒಡಲಿಗೆ ಗಾಜಿನ ಬಟ್ಟೆ ಹೊದಿಸುವುದಾದರೆ ತೆಳುವಾಗಿ ಹರಿಯುವ ಲ್ಯಾಮಿನೇಟಿಂಗ್ ರೆಸಿನ್ ಬೇಕು. ಅಂಟಿಸಲೆಂದೇ ಮಾಡಿದ ಮಂದ ಎಪಾಕ್ಸಿ ಬಟ್ಟೆಯ ನೂಲುಗಳ ನಡುವೆ ಇಳಿಯುವುದಿಲ್ಲ.

ಇನ್ನೊಂದು ಮಾತು ಅನುಪಾತದ್ದು. 5:1 ಅನುಪಾತದ ಎಪಾಕ್ಸಿಯನ್ನು 6 ಗ್ರಾಂ ಬೆರೆಸುವಾಗ ಹಾರ್ಡ್‌ನರ್ ಕೇವಲ 1 ಗ್ರಾಂ. ಅಲ್ಲಿ 0.2 ಗ್ರಾಂ ತಪ್ಪಿದರೂ ಅದು ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ. ಅದೇ 2:1 ಆಗಿದ್ದರೆ ಹಾರ್ಡ್‌ನರ್ 2 ಗ್ರಾಂ, ವ್ಯತ್ಯಾಸ ನೂರಕ್ಕೆ ಹತ್ತು. ಸಣ್ಣ ಪ್ರಮಾಣದಲ್ಲಿ ಕೆಲಸ ಮಾಡುವ ಮಾದರಿ ದೋಣಿಯವರಿಗೆ 1:1 ಅಥವಾ 2:1 ಅನುಪಾತದ್ದೇ ಕ್ಷೇಮ ಎಂಬುದು ನನ್ನ ಅಭಿಪ್ರಾಯ. ಡಬ್ಬಿಯ ಮೇಲಿನ ಅನುಪಾತ ತೂಕದ್ದೋ ಅಳತೆಯದೋ ಎಂಬುದನ್ನೂ ಓದಿಕೊಳ್ಳಿ. ಎರಡು ದ್ರವಗಳ ಸಾಂದ್ರತೆ ಬೇರೆಯಾದ್ದರಿಂದ ಒಂದರ ಬದಲು ಇನ್ನೊಂದನ್ನು ಬಳಸುವಂತಿಲ್ಲ.

ಬೆರೆಸುವುದು

ಪುಡಿ ಹಾಕುವ ಮೊದಲು ರೆಸಿನ್ ಮತ್ತು ಹಾರ್ಡ್‌ನರ್ ಪೂರ್ತಿಯಾಗಿ ಬೆರೆತಿರಬೇಕು. ಬಟ್ಟಲಿನ ಅಂಚು ಮತ್ತು ತಳವನ್ನು ಕೆರೆಯುತ್ತಾ ಒಂದೆರಡು ನಿಮಿಷ ಕದಡಿ. ಬೆರೆತ ಎಪಾಕ್ಸಿ ತನ್ನಷ್ಟಕ್ಕೆ ಬಿಸಿಯಾಗುತ್ತದೆ. ಆಳವಾದ ಬಟ್ಟಲಿನಲ್ಲಿ ಆ ಬಿಸಿ ಹೊರಹೋಗದೆ, ಕ್ರಿಯೆ ಇನ್ನಷ್ಟು ಚುರುಕಾಗಿ, ಕೆಲಸ ಮುಗಿಯುವ ಮೊದಲೇ ಎಲ್ಲವೂ ಗಟ್ಟಿಯಾಗಬಹುದು. ಅಗಲವಾದ ತಟ್ಟೆಗೆ ಸುರಿದುಕೊಂಡರೆ ಹೆಚ್ಚು ಸಮಯ ಸಿಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಕೈಯಲ್ಲಿರುವ ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಎಂದು ಅಂದಾಜಿಟ್ಟುಕೊಳ್ಳಿ.

ನೈಟ್ರೈಲ್ ಕೈಗವಸು ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಎಪಾಕ್ಸಿಯ ಅಲರ್ಜಿ ಒಮ್ಮೆ ಶುರುವಾದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಚರ್ಮಕ್ಕೆ ತಾಗಿದರೆ ಅಸಿಟೋನ್‌ನಿಂದ ಒರೆಸಬಾರದು, ಸೋಪಿನಿಂದ ತೊಳೆಯಬೇಕು.

ಯಾವ ಕೆಲಸಕ್ಕೆ ಯಾವ ಪುಡಿ

ಹಿಡಿದಿಡುವ ಪುಡಿಗಳಲ್ಲಿ ಮೊದಲನೆಯದು ಸಿಲಿಕಾ, ಅಂದರೆ ಕೊಲಾಯ್ಡಲ್ ಅಥವಾ ಫ್ಯೂಮ್ಡ್ ಸಿಲಿಕಾ ಎಂದು ಮಾರುವ, ಊದಿದರೆ ಹಾರುವಷ್ಟು ಹಗುರವಾದ ಬಿಳಿ ಪುಡಿ. ಎಪಾಕ್ಸಿ ಲಂಬವಾದ ಮೈಮೇಲಿಂದ ಜಾರದಂತೆ ಅದು ತಡೆಯುತ್ತದೆ. ಕಡ್ಡಿಯಿಂದ ಕದಡುವಾಗ ಸಲೀಸಾಗಿ ಹರಿಯುವ ಮಿಶ್ರಣ, ಕೈ ನಿಲ್ಲಿಸಿದ ಕೂಡಲೇ ನಿಂತುಬಿಡುವುದು ಇದರ ಗುಣ. ಆದರೆ ಗಟ್ಟಿಯಾದ ಮೇಲೆ ಉಜ್ಜುವುದು ಬಹಳ ಕಷ್ಟ. ಮೊದಲು ಹೇಳಿದ ಏಣಿನ ಮೂಲ ಹೆಚ್ಚಾಗಿ ಇದೇ. ಎರಡನೆಯದು ಹತ್ತಿಯ ಸಣ್ಣ ನಾರು. ಅಡ್ಡಹಲಗೆಯನ್ನು ಒಡಲಿಗೆ ಕೂರಿಸುವಲ್ಲಿ, ಸಂದಿ ಪೂರ್ತಿ ಕೂಡದ ಜಾಗಗಳಲ್ಲಿ ಇದು ಚೆನ್ನಾಗಿ ನಿಲ್ಲುತ್ತದೆ. ಪ್ರೊಪೆಲರ್ ಶಾಫ್ಟಿನ ಹಿತ್ತಾಳೆ ಕೊಳವೆಯನ್ನು ಕೂರಿಸಲು ನಾರಿನ ಜೊತೆ ಸ್ವಲ್ಪ ಸಿಲಿಕಾ ಸೇರಿಸಿ. ಕೊಳವೆಯನ್ನು ಮೊದಲೇ ಒರಟಾಗಿ ಉಜ್ಜಿ ಅಸಿಟೋನ್‌ನಿಂದ ಒರೆಸಿರಬೇಕು, ಅದರೊಳಗಿನ ಗ್ರೀಸ್ ಹೊರಗೆ ತಾಗಿರಬಾರದು. ನುಣ್ಣನೆಯ ಮರದ ಹಿಟ್ಟು ಮರದ ಬಣ್ಣಕ್ಕೆ ಹೊಂದುವುದರಿಂದ ಒಳಮೂಲೆಗಳಲ್ಲಿ ಬಾಗಿದ ಆಸರೆಪಟ್ಟಿ ಎಳೆಯಲು ಚೆಂದ. ಅದು ಗರಗಸದ ಹೊಟ್ಟಿನಷ್ಟು ದಪ್ಪವಿರಬಾರದು, ಒಣಗಿಯೂ ಇರಬೇಕು.

ಉಜ್ಜಿಸಿಕೊಳ್ಳುವ ಪುಡಿ ಎಂದರೆ ಮೈಕ್ರೊಬಲೂನ್, ಒಳಗೆ ಟೊಳ್ಳಾದ ಅತಿ ಸಣ್ಣ ಗುಂಡುಗಳು. ಗಾಜಿನವು ಬಿಳಿ, ಫೀನಾಲಿಕ್‌ನವು ಕೆಂಪು ಮಿಶ್ರಿತ ಕಂದು. ಹೊರಮೈಯ ಗುಳಿ ತುಂಬಲು, ಪಟ್ಟಿಗಳ ನಡುವಿನ ತಗ್ಗು ಮಟ್ಟ ಮಾಡಲು ಇದೇ ಬೇಕು. ಗುಂಡುಗಳು ಒಡೆದು ಸವೆಯುವುದರಿಂದ ಮೆತ್ತನೆಯ ಮರದ ಜೊತೆ ಸಮನಾಗಿ ಉಜ್ಜಬಹುದು. ಇದೊಂದೇ ಇದ್ದರೆ ಮಿಶ್ರಣ ಕೆಳಗೆ ಜಾರುತ್ತದೆ, ಚಿಟಿಕೆ ಸಿಲಿಕಾ ಸೇರಿಸಿದರೆ ನಿಲ್ಲುತ್ತದೆ. ಹಗುರವೂ ದುರ್ಬಲವೂ ಆದ ಈ ಮಿಶ್ರಣದಿಂದ ಕೀಲ್ (ದೋಣಿಯ ತಳದ ಬೆನ್ನೆಲುಬು) ಅಂಟಿಸಹೋಗಬೇಡಿ.

ಯಾವುದೇ ಪುಡಿಯನ್ನು ಅಳೆಯುವಾಗ ಮತ್ತು ಉಜ್ಜುವಾಗ ಮಾಸ್ಕ್ ಇರಲಿ.

ಹಚ್ಚುವ ಕ್ರಮ

ಮರಕ್ಕೆ ಮೊದಲು ಪುಡಿಯಿಲ್ಲದ ಎಪಾಕ್ಸಿಯನ್ನು ತೆಳುವಾಗಿ ಬಳಿಯಿರಿ, ಇಲ್ಲವಾದರೆ ಒಣ ಮರ ಮಿಶ್ರಣದೊಳಗಿನ ದ್ರವವನ್ನು ಹೀರಿಕೊಂಡು ಜೋಡಣೆ ಬಡವಾಗುತ್ತದೆ. ಆಮೇಲೆ ಪುಡಿ ಬೆರೆಸಿದ್ದನ್ನು ಹಚ್ಚಿ. ಅಂಟಿಸಲು ಅದು ಕಡ್ಡಿಯಿಂದ ನಿಧಾನವಾಗಿ ಬೀಳುವಷ್ಟು, ಮೂಲೆಯ ಆಸರೆಪಟ್ಟಿಗೆ ಕಡ್ಡಿ ಎತ್ತಿದರೆ ಮೊನೆ ಬಾಗದೆ ನಿಲ್ಲುವಷ್ಟು ಮಂದವಾಗಿರಲಿ. ಕ್ಲಾಂಪನ್ನು ಅತಿ ಬಿಗಿಯಾಗಿ ತಿರುಗಿಸಿದರೆ ಎಪಾಕ್ಸಿಯೆಲ್ಲ ಹೊರಬಂದು ಸಂದಿ ಬರಿದಾಗುತ್ತದೆ. ಕ್ಲಾಂಪಿನ ಅಡಿಗೆ ಪಾಲಿಥೀನ್ ಹಾಳೆ ಇಟ್ಟರೆ ಅದು ಅಂಟಿಕೊಳ್ಳುವುದಿಲ್ಲ.

ಗಟ್ಟಿಯಾಗಿದೆಯೇ ಎಂದು ತಿಳಿಯಲು ಬಟ್ಟಲಿನ ತಳದಲ್ಲಿ ಉಳಿದದ್ದನ್ನು ನೋಡಿ ಮೋಸಹೋಗಬೇಡಿ, ಅದು ದಪ್ಪವಿರುವುದರಿಂದ ಬೇಗ ಬಿಗಿದಿರುತ್ತದೆ. ತುಂಡು ಪ್ಲೈವುಡ್ಡಿನ ಮೇಲೆ ಅದೇ ಮಿಶ್ರಣವನ್ನು ತೆಳುವಾಗಿ ಬಳಿದಿಟ್ಟು ಉಗುರಿನಿಂದ ಒತ್ತಿ. ಗುರುತು ಮೂಡಿದರೆ ಇನ್ನೂ ಕಾಯಬೇಕು. ಮೇಲ್ಮೈಯಲ್ಲಿ ಮೇಣದಂತಹ ಜಿಡ್ಡು ಕಂಡರೆ ಮೊದಲು ನೀರಿನಲ್ಲಿ ಒರಟು ಪ್ಯಾಡಿನಿಂದ ತಿಕ್ಕಿ ತೊಳೆಯಿರಿ. ತೊಳೆಯದೆ ಉಜ್ಜಿದರೆ ಸ್ಯಾಂಡ್‌ಪೇಪರ್ ಬೇಗ ಕಟ್ಟಿಕೊಳ್ಳುವುದಲ್ಲದೆ, ಆ ಜಿಡ್ಡಿನ ಮೇಲೆ ಬಣ್ಣವೂ ನಿಲ್ಲದು.

ಬಿಸಿಲಿನ ನೇರಳಾತೀತ ಕಿರಣಗಳಿಗೆ ಎಪಾಕ್ಸಿ ಹಳದಿಯಾಗಿ ಸವೆಯುವುದರಿಂದ ಕೊನೆಗೆ ಬಣ್ಣ ಅಥವಾ ಯುವಿ ತಡೆಯುವ ವಾರ್ನಿಶ್ ಬೇಕೇ ಬೇಕು. ಕಡುಬಣ್ಣ ಬಳಿದ ದೋಣಿ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ, ಕೋಣೆಯ ಉಷ್ಣತೆಯಲ್ಲಿ ಗಟ್ಟಿಯಾದ ಎಪಾಕ್ಸಿ ಆ ಬಿಸಿಗೆ ಮೆತ್ತಗಾಗಿ ಒಳಗಿನ ಸಂದಿಗಳ ಗೆರೆ ಹೊರಗೆ ಮೂಡಬಹುದು. ಒಡಲಿಗೆ ತಿಳಿಬಣ್ಣ ಆರಿಸಿಕೊಂಡರೆ ಆ ತೊಂದರೆ ಕಡಿಮೆ.