ಗಾಡಿ ಮೇಲಿನ ಸೋಲಾರ್: ರಾತ್ರಿ ಬ್ಯಾಟರಿ ಇಳಿಯೋದು ಎಲ್ಲಿಂದ ಅಂತ ನಾನು ಹುಡುಕುವ ರೀತಿ

ಕಲಬುರಗಿ ಸೀಮೆಯಲ್ಲಿ ಗಾಡಿ ಮೇಲೆ ಸೋಲಾರ್ ಹಾಕಿಸಿಕೊಂಡವರ ದೂರು ಹೆಚ್ಚುಕಮ್ಮಿ ಒಂದೇ. ಒಳಗೆ ಹಾಸಿಗೆ, ಫ್ರಿಜ್ ಮಾಡಿಸಿಕೊಂಡ ಟ್ರಾವೆಲರ್ ಇರಲಿ, ಶರಣಬಸವೇಶ್ವರ ಜಾತ್ರೆಗೂ ಮೈಲಾಪುರ ಜಾತ್ರೆಗೂ ಹೋಗುವ ಜ್ಯೂಸ್ ಗಾಡಿ ಇರಲಿ, ಮಾತು ಇಷ್ಟೇ: "ಹಗಲೆಲ್ಲಾ ಬಿಸಿಲು ಬೀಳ್ತದ, ಹಸಿರು ಲೈಟ್ ಉರಿತದ, ರಾತ್ರಿ ಹತ್ತಕ್ಕ ಇನ್ವರ್ಟರ್ ಕುಯ್ಯಂತದ. ಬ್ಯಾಟ್ರಿ ಹೋಗ್ಯಾದ, ಹೊಸಾದು ಹಾಕ್ರಿ." ನಾನು ಬ್ಯಾಟರಿಯನ್ನು ಅನುಮಾನಿಸುವುದು ಕಡೆಗೆ. ವೈರು, ಕಂಟ್ರೋಲರ್ (ಪ್ಯಾನೆಲ್ಲಿಗೂ ಬ್ಯಾಟರಿಗೂ ನಡುವೆ ಕೂತು ಚಾರ್ಜನ್ನು ಹಿಡಿತದಲ್ಲಿಡುವ ಡಬ್ಬಿ) ಸರಿಮಾಡದೆ ಹೊಸದನ್ನು ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಮಾತಿಗೆ ಆಧಾರ ಇರಲೆಂದು ನಮ್ಮ ಕಡೆ ಹೆಚ್ಚಾಗಿ ಕಾಣುವ ಜೋಡಣೆಯನ್ನೇ ಹಿಡಿಯುತ್ತೇನೆ: ಮೇಲೆ 335 ವ್ಯಾಟ್‌ನ ಒಂದು ಪ್ಯಾನೆಲ್, ಕೆಳಗೆ 150 ಆಂಪ್-ಅವರ್ ಟ್ಯೂಬ್ಯುಲರ್ ಬ್ಯಾಟರಿ, ಸಣ್ಣ ಇನ್ವರ್ಟರ್, 45 ವ್ಯಾಟ್‌ನ 12 ವೋಲ್ಟ್ ಕಂಪ್ರೆಸರ್ ಫ್ರಿಜ್, ಎರಡು ಫ್ಯಾನ್. ಕೈಯಲ್ಲಿ ಒಂದು ಮಲ್ಟಿಮೀಟರ್, ಒಂದು ಡಿಸಿ ಕ್ಲ್ಯಾಂಪ್ ಮೀಟರ್, ಆಸಿಡ್ ಎಷ್ಟು ಗಟ್ಟಿ ಎಂದು ಅಳೆಯುವ ಒಂದು ಹೈಡ್ರೋಮೀಟರ್ ಇದ್ದರೆ ಸಾಕು. ಕ್ಲ್ಯಾಂಪ್ ಕೊಳ್ಳುವಾಗ ಡಿಸಿ ಆಂಪ್ ಅಳೆಯುತ್ತದಾ ಎಂದು ಕೇಳಿ ಕೊಳ್ಳಿ. ಅಗ್ಗದವು ಎಸಿ ಮಾತ್ರ ಓದುತ್ತವೆ, ಬ್ಯಾಟರಿ ವೈರಿಗೆ ಹಾಕಿದರೆ ಸೊನ್ನೆಯೇ.

ಮೊದಲ ಅಳತೆ ಬೆಳಗ್ಗೆ, ಪ್ಯಾನೆಲ್ ಮೇಲೆ ಬಿಸಿಲು ಬೀಳುವ ಮೊದಲು, ಎಲ್ಲ ಲೋಡ್ ಬಿಚ್ಚಿಟ್ಟು. ಹಗಲು ಚಾರ್ಜ್ ಆಗುತ್ತಿರುವಾಗ ಕಾಣುವ 13.5 ವೋಲ್ಟ್ ಬ್ಯಾಟರಿ ಬಗ್ಗೆ ಏನನ್ನೂ ಹೇಳುವುದಿಲ್ಲ. ಕಾರಿನ ಬ್ಯಾಟರಿಗೆ ಬರೆದ ಪಟ್ಟಿಯಲ್ಲಿ ತುಂಬಿದ್ದಕ್ಕೆ 12.7 ಎಂದಿರುತ್ತದೆ. ನಮ್ಮ ಟ್ಯೂಬ್ಯುಲರ್‌ಗಳಲ್ಲಿ ಆಸಿಡ್ ಸ್ವಲ್ಪ ತೆಳು, ತುಂಬಿದಾಗ ಗ್ರಾವಿಟಿ (ನೀರಿಗೆ ಹೋಲಿಸಿದರೆ ಆಸಿಡ್‌ನ ಸಾಂದ್ರತೆ) 1.240 ಸುತ್ತ, ಹಾಗಾಗಿ ವಿಶ್ರಾಂತಿಯಲ್ಲಿ 12.5 ಬಂದರೆ ಅದು ತುಂಬಿದ ಬ್ಯಾಟರಿಯೇ. ಅರ್ಧಕ್ಕೆ 12.1 ಆಸುಪಾಸು. 11.9 ಕೆಳಗೆ ಅಂದರೆ ತಳ ಕಾಣುತ್ತಿದೆ. ಗ್ರಾವಿಟಿಯನ್ನು ಆರೂ ಸೆಲ್‌ಗಳಲ್ಲಿ ನೋಡಿ ಬರೆದುಕೊಳ್ಳಿ. 1.240 ಎಂಬುದು 27 ಡಿಗ್ರಿಯ ಲೆಕ್ಕ. ಮೇ ತಿಂಗಳಲ್ಲಿ ಆಸಿಡ್ 42 ಡಿಗ್ರಿಗೆ ಏರಿದ್ದರೆ 1.230 ತೋರಿಸಿದರೂ ಅದು ತುಂಬಿದ್ದೇ, ಗಾಬರಿ ಬೇಡ. ಐದು ಸೆಲ್ 1.220 ಇದ್ದು ಒಂದು ಮಾತ್ರ 1.150 ಇದ್ದರೆ ಆ ಸೆಲ್ ಸತ್ತಿದೆ, ಮುಂದಿನ ಹುಡುಕಾಟ ಬೇಡ. ಆರೂ ಒಂದೇ ಸಮ 1.170 ಇದ್ದರೆ ಬ್ಯಾಟರಿಗೆ ಹೊಟ್ಟೆ ತುಂಬಿಲ್ಲ, ಅಷ್ಟೇ. ಹೆಚ್ಚಿನ ಗಾಡಿಗಳಲ್ಲಿ ನಾನು ನೋಡುವುದು ಈ ಎರಡನೆಯದನ್ನೇ.

ಹೊಟ್ಟೆ ಯಾಕೆ ತುಂಬಿಲ್ಲ ಎನ್ನುವುದಕ್ಕೆ ಉತ್ತರ ಬಹಳ ಸಲ ಕಂಟ್ರೋಲರ್‌ನಲ್ಲಿರುತ್ತದೆ. 335 ವ್ಯಾಟ್ ಪ್ಯಾನೆಲ್ 72 ಸೆಲ್‌ನದು, ಸುಮಾರು 38 ವೋಲ್ಟ್‌ನಲ್ಲಿ 9 ಆಂಪ್ ಕೊಡುವಂಥದ್ದು. ಅದನ್ನು ಪಿಡಬ್ಲ್ಯೂಎಂ ಕಂಟ್ರೋಲರ್ ಮೂಲಕ 12 ವೋಲ್ಟ್ ಬ್ಯಾಟರಿಗೆ ಕಟ್ಟಿದರೆ, ಕಂಟ್ರೋಲರ್ ಪ್ಯಾನೆಲ್ಲನ್ನು ಬ್ಯಾಟರಿಯ ವೋಲ್ಟಿಗೇ ಎಳೆದು ನಿಲ್ಲಿಸುತ್ತದೆ. ಆಂಪ್ ಅದೇ 9, ವೋಲ್ಟ್ ಮಾತ್ರ 13. ಸಿಕ್ಕಿದ್ದು 117 ವ್ಯಾಟ್. ದುಡ್ಡು ಕೊಟ್ಟದ್ದು 335ಕ್ಕೆ. ಎಂಪಿಪಿಟಿ ಕಂಟ್ರೋಲರ್ ಆದರೆ ಹೆಚ್ಚುವರಿ ವೋಲ್ಟನ್ನು ಆಂಪ್ ಆಗಿ ಬದಲಿಸಿ ಮಧ್ಯಾಹ್ನ 18–20 ಆಂಪ್ ಬ್ಯಾಟರಿಗೆ ಇಳಿಸುತ್ತದೆ. ಡಬ್ಬಿ ಮೇಲೆ ಎಂಪಿಪಿಟಿ ಎಂದು ಅಚ್ಚು ಹಾಕಿ ಒಳಗೆ ಪಿಡಬ್ಲ್ಯೂಎಂ ಇಟ್ಟ ಮಾಲೂ ಬಜಾರಿನಲ್ಲಿ ಬೇಕಾದಷ್ಟಿದೆ. ಕೈಯಲ್ಲಿ ಹಿಡಿದರೇ ಹಗುರ, ಒಳಗೆ ತಾಮ್ರದ ಕಾಯಿಲ್ ಇರುವುದಿಲ್ಲ. ಖಚಿತ ಮಾಡಿಕೊಳ್ಳಲು, ಬ್ಯಾಟರಿ ಖಾಲಿ ಇದ್ದು ಬಿಸಿಲು ಜೋರಿದ್ದಾಗ ಕಂಟ್ರೋಲರ್‌ನ ಪ್ಯಾನೆಲ್ ಬದಿಯ ವೋಲ್ಟ್ ನೋಡಿ. 30ರ ಮೇಲಿದ್ದರೆ ಅಸಲಿ. 13–14ಕ್ಕೆ ಬಿದ್ದಿದ್ದರೆ ಹೆಸರು ಏನೇ ಇರಲಿ, ಅದು ಪಿಡಬ್ಲ್ಯೂಎಂ.

ಕಂಟ್ರೋಲರ್ ಬದಲಿಸಿದರೆ ಮುಗಿಯಿತು ಅಂದುಕೊಳ್ಳಬೇಡಿ, ಅಲ್ಲಿಂದಲೇ ವೈರಿನ ರಗಳೆ ಶುರು. ಡ್ರೈವರ್ ಕಣ್ಣಿಗೆ ಕಾಣಲೆಂದು ಕಂಟ್ರೋಲರನ್ನು ಡ್ಯಾಶ್‌ಬೋರ್ಡ್ ಹತ್ತಿರ ಕೂರಿಸಿ, ಹಿಂದಿನ ಬ್ಯಾಟರಿಗೆ 6 ಮೀಟರ್ ದೂರ 4 ಸ್ಕ್ವೇರ್ ಎಂಎಂ ವೈರ್ ಎಳೆದಿರುತ್ತಾರೆ. ಹೋಗಿ ಬರುವ ಉದ್ದ 12 ಮೀಟರ್, ರೆಸಿಸ್ಟೆನ್ಸ್ 0.05 ಓಮ್. 20 ಆಂಪ್ ಹರಿದರೆ ದಾರಿಯಲ್ಲೇ 1 ವೋಲ್ಟ್ ಮಾಯ. ಕಂಟ್ರೋಲರ್ ತನ್ನ ಟರ್ಮಿನಲ್‌ನಲ್ಲಿ 14.4 ನೋಡಿ ಬ್ಯಾಟರಿ ತುಂಬುತ್ತಾ ಬಂತು ಎಂದು ಆಂಪ್ ಕಡಿಮೆ ಮಾಡುತ್ತದೆ, ಬ್ಯಾಟರಿ ಪೋಲ್‌ನಲ್ಲಿ ಇನ್ನೂ 13.4 ಮಾತ್ರ. ಹೊತ್ತು ಮುಳುಗುವುದರೊಳಗೆ ಅದು ಪೂರ್ತಿ ತುಂಬುವುದೇ ಇಲ್ಲ. ಹೀಗೆ ಅರೆಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಇದ್ದರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಒಳ್ಳೆಯ ಬ್ಯಾಟರಿಯೂ ನಿಜಕ್ಕೂ ಕೆಡುತ್ತದೆ. ನಾನು ಕಂಟ್ರೋಲರನ್ನು ಬ್ಯಾಟರಿಯ ಪಕ್ಕಕ್ಕೇ ತರುತ್ತೇನೆ. ಒಂದು ಮೀಟರಿನೊಳಗೆ, 10 ಸ್ಕ್ವೇರ್ ಎಂಎಂ ತಾಮ್ರ. ಪ್ಯಾನೆಲ್‌ನಿಂದ ಕಂಟ್ರೋಲರಿಗೆ ಬರುವ ವೈರ್ ಉದ್ದವಾದರೂ ನಡೆಯುತ್ತದೆ, ಅಲ್ಲಿ ಹರಿಯುವುದು 9 ಆಂಪ್ ಮಾತ್ರ. ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಕೂಡಿಸುವಾಗ ಮೊದಲು ಬ್ಯಾಟರಿ. ಉಲ್ಟಾ ಮಾಡಿದರೆ ಪ್ಯಾನೆಲ್ಲಿನ ಪೂರ್ತಿ ವೋಲ್ಟ್ ಕಂಟ್ರೋಲರ್ ತಲೆ ಮೇಲೆ ಬರುತ್ತದೆ.

ಇನ್ವರ್ಟರ್ ಬದಿಯಲ್ಲಿ ಆಂಪ್ ಇನ್ನೂ ಜೋರು. 500 ವ್ಯಾಟ್ ಮಿಕ್ಸರ್ ತಿರುಗಿದರೆ ಬ್ಯಾಟರಿಯಿಂದ 50 ಆಂಪ್ ಹೊರಡುತ್ತದೆ. ಇಲ್ಲಿ ಕಣ್ಣಿಗೆ ಕಾಣದ ಕಳ್ಳ ಅಂದರೆ ಸುತ್ತಿಗೆಯಲ್ಲಿ ಬಡಿದು ಕೂರಿಸಿದ ಲಗ್ (ವೈರಿನ ತುದಿಗೆ ಹಾಕುವ, ಬೋಲ್ಟಿಗೆ ತೂತಿರುವ ಲೋಹದ ತುಂಡು). ಅದರಲ್ಲಿ 0.01 ಓಮ್ ಇದ್ದರೂ ಅರ್ಧ ವೋಲ್ಟ್ ಅಲ್ಲೇ ನಿಂತು, 25 ವ್ಯಾಟ್ ಶಾಖವಾಗುತ್ತದೆ, ಒಂದು ಸಣ್ಣ ಸೋಲ್ಡರಿಂಗ್ ಐರನ್‌ನಷ್ಟು. ಇನ್ವರ್ಟರ್ 10.5ಕ್ಕೆ ಕಟ್ ಆಗುವುದು ತನ್ನ ಟರ್ಮಿನಲ್ ನೋಡಿ. ಬ್ಯಾಟರಿಯಲ್ಲಿ ಇನ್ನೂ ಅರ್ಧ ಇದ್ದರೂ ಅದು ಕೂಗುತ್ತದೆ. ಹುಡುಕುವುದು ಸುಲಭ. ಮಿಕ್ಸರ್ ಓಡುತ್ತಿರಲಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಒಂದು ಪಿನ್ ಬ್ಯಾಟರಿಯ ಪ್ಲಸ್ ಪೋಲ್ ಮೇಲೆ (ಲಗ್ ಮೇಲಲ್ಲ, ಸೀಸದ ಪೋಲ್ ಮೇಲೇ), ಇನ್ನೊಂದು ಇನ್ವರ್ಟರ್‌ನ ಪ್ಲಸ್ ಮೇಲೆ. ಸರಿಯಾಗಿದ್ದರೆ 0.2 ವೋಲ್ಟಿನೊಳಗೆ ಬರುತ್ತದೆ. ಹೆಚ್ಚಿದ್ದರೆ ಪೋಲ್‌ನಿಂದ ಲಗ್, ಲಗ್‌ನಿಂದ ವೈರ್, ಫ್ಯೂಸಿನ ಈ ಕಡೆ ಆ ಕಡೆ ಎಂದು ಒಂದೊಂದೇ ಜಾಯಿಂಟ್ ದಾಟುತ್ತಾ ಹೋಗಿ. ವೋಲ್ಟ್ ಎಲ್ಲಿ ಜಿಗಿಯುತ್ತದೋ ತಪ್ಪು ಅಲ್ಲೇ. ಆಮೇಲೆ ಮೈನಸ್ ಬದಿಗೂ ಹೀಗೇ ಮಾಡಿ. ಮೈನಸ್ಸನ್ನು ಚಾಸಿಸ್‌ಗೆ ಕಟ್ಟಿ ಬಿಟ್ಟಿದ್ದರೆ ಪೇಂಟ್ ಮೇಲೆಯೇ ಬೋಲ್ಟ್ ಬಿಗಿದಿರುತ್ತಾರೆ. ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ, ಬಿಗಿದ ಮೇಲೆ ಗ್ರೀಸ್ ಸವರಿ. ಲಗ್‌ಗೆ ಹೈಡ್ರಾಲಿಕ್ ಕ್ರಿಂಪರ್ ಬಳಸಿ, ಕೈ ಇಕ್ಕಳ ಸಾಲದು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ಕೈಯಲ್ಲಿ ಉಂಗುರ, ಕಡಗ ಇದ್ದರೆ ಕೆಲಸಕ್ಕೆ ಮೊದಲು ತೆಗೆದಿಡಿ.

ರಾತ್ರಿ ಸೋರಿಕೆ ನೋಡಲು ಎಲ್ಲ ಸ್ವಿಚ್ ಆಫ್ ಮಾಡಿ ಬ್ಯಾಟರಿ ವೈರಿಗೆ ಕ್ಲ್ಯಾಂಪ್ ಹಾಕಿ. ಇನ್ವರ್ಟರ್ ಆನ್ ಇಟ್ಟೇ ಮಲಗುವವರು ಬಹಳ. ಲೋಡ್ ಇಲ್ಲದಿದ್ದರೂ ಅದು 1 ಆಂಪ್ ಕುಡಿಯುತ್ತಿದ್ದರೆ ದಿನಕ್ಕೆ 24 ಆಂಪ್-ಅವರ್ ಆಯಿತು. ಜಿಪಿಎಸ್, ಕ್ಯಾಮೆರಾ, ಸ್ಟೀರಿಯೋ ಒಂದೊಂದರ ಫ್ಯೂಸ್ ಕಿತ್ತು ಯಾವುದಕ್ಕೆ ಮೀಟರ್ ಇಳಿಯಿತು ನೋಡಿ.

ಇಷ್ಟೆಲ್ಲ ಸರಿಯಿದ್ದೂ ಏಪ್ರಿಲ್, ಮೇನಲ್ಲಿ ಮಾತ್ರ ಬ್ಯಾಟರಿ ಇಳಿಯುತ್ತಿದ್ದರೆ ಫ್ರಿಜ್ ಕಡೆ ತಿರುಗಿ. ಚಳಿಗಾಲದಲ್ಲಿ ಅದರ ಕಂಪ್ರೆಸರ್ ನೂರು ನಿಮಿಷಕ್ಕೆ ನಲವತ್ತು ಓಡಿದರೆ ದಿನಕ್ಕೆ 36 ಆಂಪ್-ಅವರ್. ಬಿಸಿಲಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ಗಾಡಿಯಲ್ಲಿ ಅದೇ ಎಪ್ಪತ್ತು ನಿಮಿಷ ಓಡುತ್ತದೆ, ಖರ್ಚು 63. ಪಿಡಬ್ಲ್ಯೂಎಂ ಬದಲಿಸದೆ ಬಿಟ್ಟಿದ್ದರೆ ಅದು ಇಡೀ ದಿನದಲ್ಲಿ ಇಳಿಸುವುದೇ ಸುಮಾರು 50. ಫ್ಯಾನ್ ಲೆಕ್ಕ ಇನ್ನೂ ಹಿಡಿದಿಲ್ಲ. ಫ್ರಿಜ್ ಹಿಂದೆ ಗಾಳಿಯಾಡಲು ಜಾಗ ಬಿಟ್ಟು, ಕೆಳಗೊಂದು ಮೇಲೊಂದು ಜಾಲರಿ ಕೊಯ್ದು ಕೊಟ್ಟರೆ ಎರಡನೇ ಪ್ಯಾನೆಲ್ ಹಾಕುವುದಕ್ಕಿಂತ ಅಗ್ಗ. ಪ್ಯಾನೆಲ್ಲಿಗೂ ಅದೇ ಮಾತು. ತಗಡಿಗೆ ಅಂಟಿಸಿ ಕೂರಿಸಿದ್ದು 70 ಡಿಗ್ರಿ ಮುಟ್ಟಿ ಆರರಲ್ಲಿ ಒಂದು ಪಾಲು ಕಳೆದುಕೊಳ್ಳುತ್ತದೆ, ಎರಡು ಇಂಚು ಎತ್ತಿ ಕಟ್ಟಿ. ಶಹಾಬಾದ್, ವಾಡಿ, ಸೇಡಂ ರಸ್ತೆಯಲ್ಲಿ ಓಡಾಡುವ ಗಾಡಿಗೆ ಕಲ್ಲು, ಸಿಮೆಂಟ್ ಧೂಳು ಬೇರೆ. ಬೆಳಗ್ಗೆ ಗಾಜು ತಂಪಿದ್ದಾಗ ತೊಳೆದು ಒರೆಸಿ. ಬೋರ್ ನೀರು ಹಾಗೇ ಒಣಗಿದರೆ ಬಿಳಿ ಕಲೆ ಕೂರುತ್ತದೆ.

ಬ್ಯಾಟರಿಯ ಸರದಿ ಈಗ. ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ, ಒಂದು ರಾತ್ರಿ ಸುಮ್ಮನೆ ಬಿಟ್ಟು, 60/55 ವ್ಯಾಟ್ ಹೆಡ್‌ಲೈಟ್ ಬಲ್ಬಿನ ಎರಡೂ ಫಿಲಮೆಂಟ್ ಹಚ್ಚಿ ನೇರ ಕೂಡಿಸುತ್ತೇನೆ. ಸುಮಾರು 9 ಆಂಪ್. ಐದು ಗಂಟೆ ಉರಿಸಿ, ಆರಿಸಿ, ಒಂದು ಗಂಟೆ ಬಿಟ್ಟು ಅಳೆದರೆ 150ರ ಗಟ್ಟಿ ಬ್ಯಾಟರಿ 12.3 ಸುತ್ತ ನಿಲ್ಲುತ್ತದೆ. 12.0ಕ್ಕೆ ಇಳಿದಿದ್ದರೆ ಅರ್ಧ ಕೆಪ್ಯಾಸಿಟಿ ಹೋಗಿದೆ, ಆಗ ಹೊಸದಕ್ಕೆ ದುಡ್ಡು ಹಾಕಬಹುದು. ಬಲ್ಬ್ ಕೆಂಡದಂತೆ ಸುಡುತ್ತದೆ, ಹಾಸಿಗೆ ಹತ್ತಿರ ಇಡಬೇಡಿ.

ಹೊಸದು ಬಂದ ಮೇಲೆ ಕಂಟ್ರೋಲರಿಗೆ ಟೆಂಪರೇಚರ್ ಸೆನ್ಸರ್ ಕೂಡಿಸಿ ಬ್ಯಾಟರಿ ಮೈಗೆ ಅಂಟಿಸಿ. 25 ಡಿಗ್ರಿಗೆ 14.4 ಸರಿ, 45 ಡಿಗ್ರಿಗೆ 13.9 ಸಾಕು. ಇಲ್ಲದಿದ್ದರೆ ಬೇಸಿಗೆ ತುಂಬಾ ನೀರು ಕುದಿದು ಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ ಡಿಸ್ಟಿಲ್ಡ್ ವಾಟರ್ ಹಾಕಬೇಕಾಗುತ್ತದೆ. ಬರುವ ಗ್ಯಾಸ್ ಹೈಡ್ರೋಜನ್, ಬ್ಯಾಟರಿ ಪೆಟ್ಟಿಗೆಯಿಂದ ಗಾಡಿಯ ಹೊರಗೆ ಒಂದು ಪೈಪ್ ಕೊಡಿ. ಲಿಥಿಯಂಗೆ ಹೋಗುವವರು ಕಂಟ್ರೋಲರ್ ಸೆಟ್ಟಿಂಗನ್ನೂ ಬದಲಿಸಿ, ಈಕ್ವಲೈಸ್ (ಸೀಸದ ಬ್ಯಾಟರಿಗೆ ಆಗಾಗ ಕೊಡುವ ಹೆಚ್ಚು ವೋಲ್ಟಿನ ಚಾರ್ಜ್) ಪೂರ್ತಿ ಬಂದ್ ಮಾಡಿ. ಅದರ 15 ವೋಲ್ಟ್ ಕಂಡರೆ ಬಿಎಂಎಸ್ (ಲಿಥಿಯಂ ಬ್ಯಾಟರಿಯೊಳಗಿನ ಕಾವಲು ಸರ್ಕ್ಯೂಟ್) ಚಾರ್ಜ್ ನಿಲ್ಲಿಸಿಬಿಡುತ್ತದೆ. ಇನ್ನೊಂದು ಕಡೆ, ಪೂರ್ತಿ ಖಾಲಿಯಾಗಿ ಬಿಎಂಎಸ್ ಕಟ್ ಮಾಡಿದ ಲಿಥಿಯಂ ಟರ್ಮಿನಲ್‌ನಲ್ಲಿ ಮೀಟರ್ ಸೊನ್ನೆ ತೋರಿಸಬಹುದು. ಸತ್ತಿದೆ ಎಂದು ಗುಜರಿಗೆ ಹಾಕುವ ಮೊದಲು ಲಿಥಿಯಂ ಚಾರ್ಜರ್ ಹಚ್ಚಿ ಹತ್ತು ನಿಮಿಷ ನೋಡಿ.