ನೆಲದಾಳದ ಹೀಟ್ ಪಂಪ್: ಬೋರ್ ಕೊರೆಸುವ ಮೊದಲಿನ ಲೆಕ್ಕ

ಎರಡು ಮಹಡಿಯ ಕಚೇರಿ ಕಟ್ಟಡವೊಂದಕ್ಕೆ ನೆಲದಾಳದ ಹೀಟ್ ಪಂಪ್, ಅಂದರೆ ನೆಲದೊಂದಿಗೆ ಶಾಖ ವಿನಿಮಯ ಮಾಡಿ ಕಟ್ಟಡವನ್ನು ಬಿಸಿ ಅಥವಾ ತಂಪು ಮಾಡುವ ಯಂತ್ರ, ಅಳವಡಿಸುವ ಕೆಲಸ ನನ್ನ ಪಾಲಿಗೆ ಬಂದಾಗ, ಮಾಲೀಕರ ಗಮನವೆಲ್ಲ ಯಂತ್ರದ ಮೇಲಿತ್ತು. ಆದರೆ ಯಂತ್ರ ಮಾಡುವುದು ಫ್ರಿಜ್ ಮಾಡುವ ಕೆಲಸವನ್ನೇ. ಚಳಿಗಾಲದಲ್ಲಿ ಬೋರ್‌ನೊಳಗೆ ಇಳಿಸಿದ ಪೈಪಿನ ನೀರು ನೆಲದಿಂದ ತಂದ ಶಾಖವನ್ನು ಶೀತಕ (ಯಂತ್ರದೊಳಗೆ ಸುತ್ತುವ, ಸುಲಭವಾಗಿ ಆವಿಯಾಗುವ ದ್ರವ) ಹೀರಿ ಆವಿಯಾಗುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ, ಆ ಶಾಖ ಕಟ್ಟಡಕ್ಕೆ ಸೇರುತ್ತದೆ; ಬೇಸಿಗೆಯಲ್ಲಿ ವಾಲ್ವ್ ಒಂದು ತಿರುಗಿ ಇದೆಲ್ಲವೂ ಹಿಮ್ಮುಖವಾಗುತ್ತದೆ. ವ್ಯವಸ್ಥೆಯ ಅಳಿವು ಉಳಿವು ನಿಂತಿರುವುದು ನೆಲದ ಮೇಲೆ.

ಸುಮಾರು ಹತ್ತು ಹದಿನೈದು ಮೀಟರ್ ಕೆಳಗಿಳಿದರೆ ಋತುಮಾನದ ಏರಿಳಿತ ಬಹುಮಟ್ಟಿಗೆ ಇಲ್ಲವಾಗಿ, ಮಣ್ಣಿನ ಉಷ್ಣತೆ ಆ ಪ್ರದೇಶದ ವಾರ್ಷಿಕ ಸರಾಸರಿಯ ಹತ್ತಿರ ನಿಲ್ಲುತ್ತದೆ. ಆದರೆ ಆ ಮಣ್ಣು ಶಾಖವನ್ನು ಎಷ್ಟು ಬೇಗ ಸಾಗಿಸುತ್ತದೆ ಎಂಬುದು ಜಾಗದಿಂದ ಜಾಗಕ್ಕೆ ಬೇರೆ: ಒಣ ಮರಳು ಬಹಳ ನಿಧಾನಿ, ನೀರು ತುಂಬಿದ ಮರಳು ಮತ್ತು ಗ್ರಾನೈಟ್ ಚುರುಕು. ಆದ್ದರಿಂದ ಮೊದಲು ಒಂದೇ ಬೋರ್ ಕೊರೆಸಿ, ಅದರೊಳಗಿನ ಪೈಪಿನಲ್ಲಿ ಸ್ಥಿರ ಪ್ರಮಾಣದ ಶಾಖ ಕೊಟ್ಟ ನೀರನ್ನು ಎರಡು ದಿನಕ್ಕೂ ಹೆಚ್ಚು ಹೊತ್ತು ಸುತ್ತಿಸಿ, ಒಳಹೋಗುವ ಮತ್ತು ಹೊರಬರುವ ನೀರಿನ ಉಷ್ಣತೆಯನ್ನು ದಾಖಲಿಸಿದೆ. ಸಮಯದ ಲಾಗರಿದಮ್‌ಗೆ ಎದುರಾಗಿ ಸರಾಸರಿ ಉಷ್ಣತೆಯನ್ನು ಗುರುತಿಸಿದರೆ, ಮೊದಲ ಕೆಲವು ಗಂಟೆಗಳನ್ನು ಬಿಟ್ಟು ಉಳಿದದ್ದು ನೇರ ಗೆರೆಯಾಗುತ್ತದೆ. ಅದರ ಇಳಿಜಾರಿನಿಂದ ನೆಲದ ಉಷ್ಣವಾಹಕತೆ ಸಿಗುತ್ತದೆ. ಈ ಪರೀಕ್ಷೆಯ ಖರ್ಚನ್ನು ಉಳಿಸಲು ಹೋಗುವುದು ನನ್ನ ದೃಷ್ಟಿಯಲ್ಲಿ ಶುದ್ಧ ಅವಿವೇಕ.

ಬೋರ್‌ಗಳನ್ನು ಆರು ಮೀಟರ್ ಅಂತರದಲ್ಲಿ ಕೊರೆಸಿ, ಯು ಆಕಾರದ ಪಾಲಿಥೀನ್ ಪೈಪ್ ಇಳಿಸಿ, ಸುತ್ತಲಿನ ಸಂದನ್ನು ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿಮಣ್ಣು) ಮತ್ತು ಮರಳಿನ ಗಾರೆಯಿಂದ ತಳದಿಂದ ಮೇಲಕ್ಕೆ ತುಂಬಿಸಿದೆವು. ಮೇಲಿನಿಂದ ಸುರಿದರೆ ನಡುವೆ ಗಾಳಿ ಸಿಕ್ಕಿಕೊಂಡು, ಅಲ್ಲಿ ಪೈಪಿಗೂ ನೆಲಕ್ಕೂ ಸಂಪರ್ಕವೇ ಇರುವುದಿಲ್ಲ. ಒತ್ತಡ ಪರೀಕ್ಷೆ, ಪೈಪಿನೊಳಗಿನ ಗಾಳಿ ಹೊರಹಾಕುವುದು ಎಲ್ಲವೂ ವಾಡಿಕೆಯಂತೆ ನಡೆದವು.

ಹೆಚ್ಚು ತಲೆ ಕೆಡಿಸಿದ್ದು ವಾರ್ಷಿಕ ಜಮಾಖರ್ಚು. ಜನರಿಂದಲೂ ಕಂಪ್ಯೂಟರುಗಳಿಂದಲೂ ತುಂಬಿದ ಆ ಕಟ್ಟಡ ಚಳಿಗಾಲದಲ್ಲಿ ನೆಲದಿಂದ ಪಡೆಯುವುದಕ್ಕಿಂತ ಹೆಚ್ಚು ಶಾಖವನ್ನು ಬೇಸಿಗೆಯಲ್ಲಿ ನೆಲಕ್ಕೆ ತಳ್ಳುತ್ತಿತ್ತು. ಹಾಗೇ ಬಿಟ್ಟರೆ ವರ್ಷದಿಂದ ವರ್ಷಕ್ಕೆ ನೆಲ ಬಿಸಿಯೇರಿ, ತಂಪು ಮಾಡುವ ಸಾಮರ್ಥ್ಯ ಕುಗ್ಗುತ್ತಾ ಹೋಗುತ್ತದೆ. ಬೋರ್‌ಗಳ ಸಂಖ್ಯೆ ಹೆಚ್ಚಿಸುವ ಬದಲು, ಛಾವಣಿಯ ಮೇಲೆ ಫ್ಯಾನಿನಿಂದ ನೀರು ತಣಿಸುವ ಘಟಕವೊಂದನ್ನು ಸೇರಿಸಿ, ತಂಪು ರಾತ್ರಿಗಳಲ್ಲಿ ಹೆಚ್ಚುವರಿ ಶಾಖವನ್ನು ಗಾಳಿಗೆ ಬಿಡುವಂತೆ ಮಾಡಿದೆ.

ಬಿಸಿಮಾಡಲು ನೆಲಹಾಸಿನಡಿಯ ಪೈಪುಗಳನ್ನೇ ಆರಿಸಿಕೊಂಡೆ. ಅವುಗಳಿಗೆ 35 ಡಿಗ್ರಿ ಸೆಲ್ಸಿಯಸ್ ನೀರು ಸಾಕಾಗುವುದರಿಂದ, ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು ನಾಲ್ಕು ಯೂನಿಟ್ ಶಾಖ ದೊರೆಯುತ್ತದೆ. ಹಳೆಯ ರೇಡಿಯೇಟರುಗಳಿಗಾಗಿ 55 ಡಿಗ್ರಿಗೆ ಏರಿಸಿದರೆ ಈ ಲಾಭ ಗಣನೀಯವಾಗಿ ಇಳಿಯುತ್ತದೆ. ಈಗಲೂ ಪ್ರತಿ ವರ್ಷ ಬೇಸಿಗೆ ಮುಗಿದ ಮೇಲೆ ನೆಲದಿಂದ ಹಿಂದಿರುಗುವ ನೀರಿನ ಉಷ್ಣತೆಯನ್ನು ಹಿಂದಿನ ವರ್ಷದ್ದಕ್ಕೆ ಹೋಲಿಸಿ ನೋಡಿ, ಏರಿದ್ದರೆ ಛಾವಣಿಯ ಘಟಕ ಇನ್ನಷ್ಟು ಬೇಗ ಚಾಲೂ ಆಗುವಂತೆ ಹೊಂದಿಸುತ್ತೇನೆ.