ರೆಸಿಡೆನ್ಸಿ ಅರ್ಜಿಯಲ್ಲಿ ಹವ್ಯಾಸಕ್ಕೂ ಜಾಗವಿದೆ: ಬರೆಯುವುದು ಹೇಗೆ?

ಅಮೆರಿಕದಲ್ಲಿ ರೆಸಿಡೆನ್ಸಿಗೆ, ಅಂದರೆ ವೈದ್ಯಕೀಯ ಪದವಿ ಮುಗಿದ ಮೇಲೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ತರಬೇತಿಗೆ, ಅರ್ಜಿ ಹಾಕುವವರು ಪರೀಕ್ಷೆ, ಸಂಶೋಧನೆ, ಶಿಫಾರಸು ಪತ್ರ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಹವ್ಯಾಸದ ಮಾತು ಬಂದಾಗ ಮಾತ್ರ ಕೊನೇ ಗಳಿಗೆಯಲ್ಲಿ 'ಓದು, ಸಂಗೀತ, ಪ್ರವಾಸ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಒಳ್ಳೆಯ ಅವಕಾಶವೊಂದು ಹೀಗೆ ಸುಮ್ನೆ ಹಾಳಾಗುತ್ತದೆ.

ಅಮೆರಿಕದಲ್ಲಿ ವೈದ್ಯರಾಗಲು ಬರೆಯಬೇಕಾದ ಪರವಾನಗಿ ಪರೀಕ್ಷೆ ಯುಎಸ್‌ಎಂಎಲ್‌ಇ. ಅದರ ಮೊದಲ ಹಂತವಾದ ಸ್ಟೆಪ್ 1ರಲ್ಲಿ 2022ರ ಜನವರಿ 26ರಿಂದ ಅಂಕ ಕೊಡುವುದು ನಿಂತಿದೆ. ಈಗ ಪಾಸ್ ಅಥವಾ ಫೇಲ್, ಅಷ್ಟೇ. ಅರ್ಜಿಗಳನ್ನು ಬೇರೆ ಬೇರೆ ಮಾಡಿ ನೋಡಲು ಇದ್ದ ಒಂದು ದೊಡ್ಡ ಅಳತೆಗೋಲು ಹೋಯಿತು. ಇನ್ನೊಂದು ವಿಷಯ: ರೆಸಿಡೆಂಟ್‌ಗಳು ವಾರಕ್ಕೆ 80 ಗಂಟೆವರೆಗೂ ದುಡಿಯಬಹುದು. ಅಂಥ ವಾರಗಳನ್ನು ಜೊತೆಯಲ್ಲಿ ಕಳೆಯಬೇಕಾದವರಿಗೆ ನೀವು ಎಂಥವರು, ದಣಿದಾಗ ಹೇಗೆ ಚೇತರಿಸಿಕೊಳ್ಳುತ್ತೀರಿ ಎಂದು ತಿಳಿಯಬೇಕು ಅಲ್ವಾ? ಹಾಗಂತ ಫೇಲಾದ ಪರೀಕ್ಷೆಯನ್ನು ಗಿಟಾರ್ ಮುಚ್ಚಿಹಾಕುವುದಿಲ್ಲ. ಸರಿಸಮಾನ ಅರ್ಜಿಗಳ ನಡುವೆ ನಿಮ್ಮದು ನೆನಪಿನಲ್ಲಿ ಉಳಿಯಲು ಅದು ನೆರವಾಗುತ್ತದೆ.

ಮೊದಲು ಜಾಗ ನೋಡಿಕೊಳ್ಳಿ

ಹೆಚ್ಚಿನ ಅರ್ಜಿಗಳು ಹೋಗುವುದು ಅಮೆರಿಕದ ವೈದ್ಯಕೀಯ ಕಾಲೇಜುಗಳ ಸಂಘ ನಡೆಸುವ 'ಇರಾಸ್' ವ್ಯವಸ್ಥೆಯ ಮೂಲಕ. 2024ರ ಸಾಲಿನಿಂದ ಅದರ ಅನುಭವಗಳ ವಿಭಾಗ ಬದಲಾಗಿದೆ. ಒಟ್ಟು 10 ಅನುಭವಗಳನ್ನಷ್ಟೇ ಸೇರಿಸಬಹುದು. ಕೆಲಸ, ಸಂಶೋಧನೆ, ಸ್ವಯಂಸೇವೆ ಎಲ್ಲವೂ ಅದರೊಳಗೇ ಬರಬೇಕು. ಪಠ್ಯೇತರ ಚಟುವಟಿಕೆ, ಕ್ಲಬ್, ಹವ್ಯಾಸಕ್ಕೂ ಅಲ್ಲಿ ಒಂದು ವರ್ಗವಿದೆ. ಒಂದೊಂದರ ವಿವರಣೆಗೆ ಸಿಗುವುದು 750 ಅಕ್ಷರ, ಅದೂ ಖಾಲಿ ಜಾಗ ಸೇರಿ. 10ರಲ್ಲಿ ಮೂರನ್ನು 'ಅತ್ಯಂತ ಅರ್ಥಪೂರ್ಣ' ಎಂದು ಗುರುತಿಸಬಹುದು. ಅವು ಏಕೆ ಮುಖ್ಯ ಎಂದು ಹೇಳಲು ಇನ್ನೂ 300 ಅಕ್ಷರ ಸಿಗುತ್ತದೆ.

ಹತ್ತನ್ನೂ ತುಂಬಲೇಬೇಕು ಎಂದೇನಿಲ್ಲ. ಹವ್ಯಾಸಕ್ಕೆ ಒಂದು ಜಾಗ ಕೊಡಿ. ನಿಜಕ್ಕೂ ಗಟ್ಟಿಯಾಗಿದ್ದರೆ ಎರಡು.

ಯಾವುದನ್ನು ಆರಿಸಬೇಕು?

ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಈಗಲೂ ಮಾಡುತ್ತಿದ್ದೇನಾ? ತಯಾರಿ ಇಲ್ಲದೆ ಐದು ನಿಮಿಷ ಇದರ ಬಗ್ಗೆ ಮಾತಾಡಬಲ್ಲೆನಾ? ಅರ್ಜಿಯ ಉಳಿದ ಭಾಗದಲ್ಲಿ ಕಾಣದ ಏನನ್ನಾದರೂ ಇದು ನನ್ನ ಬಗ್ಗೆ ಹೇಳುತ್ತದಾ? ಮೂರಕ್ಕೂ ಹೌದು ಎಂದರೆ ಬರೆಯಿರಿ. ಶಾಲೆಯಲ್ಲಿ ಒಮ್ಮೆ ಗೆದ್ದ ಚೆಸ್ ಕಪ್ ಇಲ್ಲಿಗೆ ಬೇಡ. ಬಹುಮಾನವೇ ಇಲ್ಲದಿದ್ದರೂ ಪ್ರತಿ ವಾರ ಕೂತು ಆಡುವ ಚೆಸ್ ಬೇಕು. ದೊಡ್ಡ ಸಾಧನೆಯೇ ಆಗಬೇಕು ಎಂಬ ಭಯ ಬಿಡಿ. ಮ್ಯಾರಥಾನ್ ಓಡುವವರಷ್ಟೇ ಹಳೇ ರೇಡಿಯೊ ಬಿಚ್ಚಿ ರಿಪೇರಿ ಮಾಡುವವರೂ ಓದುವವರ ಗಮನ ಸೆಳೆಯುತ್ತಾರೆ. ನನ್ನನ್ನು ಕೇಳಿದರೆ ಎರಡನೆಯವರೇ ಜಾಸ್ತಿ.

ಬರೆಯುವಾಗ ವಿವರಕ್ಕೆ ಇಳಿಯಿರಿ

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಅರ್ಜಿ ಇರುವುದು ಇಂಗ್ಲಿಷಿನಲ್ಲಿ. ಬರೆಯುವ ರೀತಿ ತಿಳಿಯಲಿ ಎಂದು ಕನ್ನಡದಲ್ಲೇ ಒಂದು ಮಾದರಿ ಕೊಡುತ್ತೇನೆ. ಒಬ್ಬರು ಹೀಗೆ ಬರೆದರು ಎಂದುಕೊಳ್ಳಿ:

'ನನಗೆ ಬೇಕಿಂಗ್ ಎಂದರೆ ತುಂಬಾ ಇಷ್ಟ. ಇದು ನನಗೆ ತಾಳ್ಮೆ ಮತ್ತು ಶಿಸ್ತು ಕಲಿಸಿದೆ.'

ಇದನ್ನು ಯಾರು ಬೇಕಾದರೂ ಬರೆಯಬಹುದು. ಈಗ ಇದನ್ನು ನೋಡಿ:

'ನಾಲ್ಕು ವರ್ಷದಿಂದ ಮನೆಯಲ್ಲೇ ಹುಳಿಹಿಟ್ಟಿನ ಬ್ರೆಡ್ ಮಾಡುತ್ತಿದ್ದೇನೆ. ಹಿಟ್ಟಿನ ತೂಕ, ನೀರು, ಕೋಣೆಯ ಉಷ್ಣತೆ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತೇನೆ. ಚಳಿಗಾಲದಲ್ಲಿ ಹಿಟ್ಟು ಯಾಕೆ ನಿಧಾನವಾಗಿ ಉಬ್ಬುತ್ತದೆ ಎಂದು ತಿಳಿಯಲು ಒಂದಿಡೀ ಚಳಿಗಾಲ ಹಿಡಿಯಿತು. ಭಾನುವಾರದ ಬ್ರೆಡ್ ಸೋಮವಾರ ವಾರ್ಡಿನ ನರ್ಸ್‌ಗಳ ಟೇಬಲ್ ಮೇಲಿರುತ್ತದೆ.'

ತಾಳ್ಮೆ, ಶಿಸ್ತು ಎಂಬ ಪದಗಳೇ ಇಲ್ಲಿಲ್ಲ, ಆದರೂ ಎರಡೂ ಕಾಣುತ್ತವೆ. ಜೊತೆಗೆ ಕೆಲಸ ಮಾಡುವವರನ್ನು ಹೇಗೆ ನೋಡುತ್ತಾರೆ ಎಂಬುದೂ ಗೊತ್ತಾಗುತ್ತದೆ. ಎಷ್ಟು ಕಾಲದಿಂದ, ಎಷ್ಟು ಬಾರಿ, ಯಾರ ಜೊತೆ, ಎಲ್ಲಿ ಕಷ್ಟವಾಯಿತು: ಈ ನಾಲ್ಕರಲ್ಲಿ ಎರಡಾದರೂ ಇರಲಿ. ಓದುವುದು ಹವ್ಯಾಸವಾದರೆ ಏನು ಓದುತ್ತೀರಿ, ಈಗ ಕೈಯಲ್ಲಿ ಯಾವ ಪುಸ್ತಕವಿದೆ ಎಂದು ಹೇಳಿ.

ಭಾರತದಲ್ಲಿ ಓದಿ ಅಲ್ಲಿಗೆ ಅರ್ಜಿ ಹಾಕುವವರಿಗೆ ಒಂದು ಮಾತು. ಮೃದಂಗ, ಭರತನಾಟ್ಯ, ಕಬಡ್ಡಿ ಎಂದಷ್ಟೇ ಬರೆದರೆ ಓದುವವರಿಗೆ ತಿಳಿಯದೇ ಹೋಗಬಹುದು. ಅದೇನೆಂದು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಹೋಗಿ. ಗೊತ್ತಾಗುವುದಿಲ್ಲವೇನೋ ಎಂದು ಅದನ್ನು ಬಿಟ್ಟು ಗಾಲ್ಫ್ ಬರೆಯಬೇಡಿ.

ವೈದ್ಯಕೀಯಕ್ಕೆ ಎಳೆದು ಕಟ್ಟಬೇಡಿ

'ಕಸೂತಿ ಹಾಕುವುದರಿಂದ ಸರ್ಜರಿಗೆ ಬೇಕಾದ ಕೈಚಳಕ ಬಂತು', 'ಫುಟ್‌ಬಾಲ್‌ನಿಂದ ತಂಡದಲ್ಲಿ ಕೆಲಸ ಮಾಡುವುದು ಕಲಿತೆ'. ಆಯ್ಕೆ ಮಾಡುವವರು ಇಂಥ ಸಾಲುಗಳನ್ನು ಓದಿ ಓದಿ ಸಾಕಾಗಿರುತ್ತಾರೆ. ಸಂಬಂಧ ನಿಜವಿದ್ದರೆ ಓದುವವರಿಗೇ ಹೊಳೆಯುತ್ತದೆ. ಹವ್ಯಾಸ ಬರೀ ಖುಷಿಗಾಗಿ ಇದ್ದರೆ ಹಾಗೆಂದೇ ಬರೆಯಿರಿ, ತಪ್ಪೇನಿಲ್ಲ.

ಅರ್ಜಿಯ ಜೊತೆ ನಿಮ್ಮ ಬಗ್ಗೆ ನೀವೇ ಬರೆಯುವ ಪ್ರಬಂಧದಲ್ಲೂ (ವೈಯಕ್ತಿಕ ಹೇಳಿಕೆ) ಹವ್ಯಾಸ ಬರಬಹುದು. ಆದರೆ ಅಲ್ಲಿ ಮುಖ್ಯವಾಗಿ ಹೇಳಬೇಕಾದದ್ದು, ವೈದ್ಯಕೀಯದ ಈ ಶಾಖೆಯನ್ನೇ ಯಾಕೆ ಆರಿಸಿಕೊಂಡಿರಿ ಎಂಬುದು. ಆ ದಾರಿಯಲ್ಲಿ ಹವ್ಯಾಸಕ್ಕೆ ಪಾತ್ರ ಇಲ್ಲದಿದ್ದರೆ ಪಕ್ಕಕ್ಕಿಡಿ. ಅನುಭವಗಳ ವಿಭಾಗದಲ್ಲಿ ಬರೆದದ್ದನ್ನೇ ಇಲ್ಲಿ ಮತ್ತೆ ಬರೆಯಬೇಡಿ.

ಸುಳ್ಳು ಸೇರಿಸಬೇಡಿ

ಎರಡು ತಿಂಗಳು ಕಲಿತ ಸ್ಪ್ಯಾನಿಷ್ 'ಸರಾಗ' ಆಗಬಾರದು. ಸಂದರ್ಶಕರಲ್ಲಿ ಒಬ್ಬರು ಅದೇ ಭಾಷೆ ಆಡುವವರಿರಬಹುದು, ನೀವು ಬರೆದ ವಾದ್ಯವನ್ನೇ ನುಡಿಸುವವರಿರಬಹುದು. ಅವರು ಪ್ರೀತಿಯಿಂದಲೇ ಪ್ರಶ್ನೆ ಕೇಳುತ್ತಾರೆ. ಉತ್ತರ ಬರದಿದ್ದರೆ ಅನುಮಾನ ಹವ್ಯಾಸದ ಮೇಲಷ್ಟೇ ನಿಲ್ಲದೆ ಇಡೀ ಅರ್ಜಿಗೆ ಹಬ್ಬುತ್ತದೆ. 'ಈಗಷ್ಟೇ ಕಲಿಯುತ್ತಿದ್ದೇನೆ' ಎನ್ನುವುದು ಗೌರವದ ಮಾತೇ.

ಸಂದರ್ಶನಕ್ಕೆ ಸಿದ್ಧತೆ

2020ರಿಂದ ಹೆಚ್ಚಿನ ಸಂದರ್ಶನಗಳು ವಿಡಿಯೊದಲ್ಲೇ ನಡೆಯುತ್ತಿವೆ. ಮಾತು ಶುರುಮಾಡಲು ಸಂದರ್ಶಕರು ಹವ್ಯಾಸವನ್ನೇ ಹಿಡಿದುಕೊಳ್ಳುವುದುಂಟು. ಹೇಗೆ ಶುರುವಾಯಿತು, ಇತ್ತೀಚೆಗೆ ಏನು ಮಾಡಿದಿರಿ, ರೆಸಿಡೆನ್ಸಿಯಲ್ಲಿ ಸಮಯ ಹೇಗೆ ಹೊಂದಿಸುತ್ತೀರಿ: ಇವನ್ನು ಗೆಳೆಯರೊಬ್ಬರ ಮುಂದೆ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಬಾಯಿಪಾಠ ಬೇಡ. ಉತ್ತರ ಮುಗಿದ ಮೇಲೆ 'ನೀವೂ ನುಡಿಸುತ್ತೀರಾ?' ಎಂದು ಕೇಳಬಹುದು, ಅದು ಅಧಿಕಪ್ರಸಂಗವಲ್ಲ.

ಅರ್ಜಿಯನ್ನು ದೃಢೀಕರಿಸಿ ಸಲ್ಲಿಸಿದ ಮೇಲೆ ಅನುಭವಗಳ ವಿಭಾಗವನ್ನು ತಿದ್ದಲು ಆಗುವುದಿಲ್ಲ. ಆದ್ದರಿಂದ ಹವ್ಯಾಸದ ಸಾಲುಗಳನ್ನು ಇಬ್ಬರಿಗೆ ಮೊದಲೇ ಓದಲು ಕೊಡಿ: ಒಬ್ಬರು ನಿಮ್ಮನ್ನು ಚೆನ್ನಾಗಿ ಬಲ್ಲವರು, ಇನ್ನೊಬ್ಬರು ಆ ಹವ್ಯಾಸದ ಗಂಧಗಾಳಿ ಇಲ್ಲದವರು. ಮೊದಲನೆಯವರು 'ಇದು ನೀನೇ' ಎಂದು, ಎರಡನೆಯವರು 'ಅರ್ಥವಾಯಿತು' ಎಂದು ಹೇಳಿದರೆ ಸಲ್ಲಿಸಿ.